ಬಸ್ಯಾ ಮಿರ್ಚಿ ಮುಟ್ಟಲಿಲ್ಲ

ಉಣಕಲ್ ಕೆರೆ ದಂಡೆಯಲ್ಲಿ ವೀರಣ್ಣ ಕಾಕಾನ ಗಿರಮಿಟ್ ಗಾಡಿ ನಿಲ್ಲುತ್ತದೆ. ಶನಿವಾರ ಸಂಜೆ ಏಳರ ಹೊತ್ತಿಗೆ ನಾವು ನಾಲ್ಕೈದು ಜನ ಅಲ್ಲಿ ಸೇರುತ್ತೇವೆ. ಯಾರೂ ಯಾರನ್ನೂ ಕರೆಯುವುದಿಲ್ಲ, ಸುಮ್ನೆ ರೂಢಿ. ಬಸ್ಯಾನ ಬೈಕ್ ಕಂಡ ಕೂಡಲೇ ಕಾಕಾ ಎರಡು ಮಿರ್ಚಿ ಎಣ್ಣೆಗೆ ಬಿಡುತ್ತಾನೆ. ಮೊನ್ನೆಯೂ ಬಿಟ್ಟ. ಮಿರ್ಚಿ ಬಂತು, ಆರಿ ತಣ್ಣಗಾಯಿತು. ಬಸ್ಯಾ ಮಾತ್ರ ಕೆರೆ ನೋಡುತ್ತಾ ಕೂತಿದ್ದ.

"ಏನಲೇ, ಆರಾಮಿಲ್ಲೇನು?" ಅಂದೆ.

"ರಾತ್ರಿ ಒಂದು ಸಿನಿಮಾ ನೋಡಿದೆ."

"ಅದಕ್ಕ?"

"ತಲಿ ಒಳಗಿಂದ ಹೋಗವಲ್ದು."

ಬಸ್ಯಾ ಅಂತಿಂಥ ಆಸಾಮಿ ಅಲ್ಲ. ಪರದೆ ಮೇಲೆ ಹತ್ತು ತಲೆ ಉರುಳುವಾಗ ಪಾಪಕಾರ್ನ್ ಖಾಲಿ ಮಾಡಿ, ಇಂಟರ್ವಲ್‌ನಲ್ಲಿ ಇನ್ನೊಂದು ತರುವವ. ದೆವ್ವದ ಸಿನಿಮಾದಲ್ಲಿ ಗೊರಕೆ ಹೊಡೆದು, ಹಿಂದಿನ ಸೀಟಿನವರು ಅದನ್ನೇ ದೆವ್ವದ ಸದ್ದು ಅಂತ ತಿಳಿದದ್ದೂ ಉಂಟು. ಇಂಥವನ ತಲೆಗೆ ಒಂದು ಸಿನಿಮಾ ಹತ್ತಿದೆ ಅಂದರೆ ನಮಗೆಲ್ಲ ಕುತೂಹಲ. ಯಾವ ಸಿನಿಮಾ ಅಂತ ಕೇಳಿದೆವು. "ಸುಮ್ನ ಇರ್ರಿ" ಅಂದ. ನಾವು ಸುಮ್ಮನಿರುವ ಮಂದಿ ಅಲ್ಲ.

"ರಕ್ತದ್ದು ಇರಬೇಕು ತಗೋ" ಅಂದ ಮಾಲತೇಶ. ಬಸ್ಯಾನ ತಟ್ಟೆಯ ಒಂದು ಮಿರ್ಚಿ ಅಷ್ಟರಲ್ಲಿ ಅವನ ಕೈಗೆ ಬಂದಿತ್ತು.

ಹುಸೇನ್ ಚಾಚಾ ನಕ್ಕರು. ಚಾಚಾ ಮೂವತ್ತು ವರ್ಷ ಪ್ರೊಜೆಕ್ಟರ್ ಕೋಣೆಯಲ್ಲಿ ಕಳೆದವರು. ಒಂದೇ ಸಿನಿಮಾವನ್ನು ದಿನಕ್ಕೆ ನಾಲ್ಕು ಸಲ, ಅಂಗೈ ಅಗಲದ ಕಿಂಡಿಯಿಂದ ನೋಡಿದವರು. "ರಕ್ತಕ್ಕ ಯಾರ ಹೆದರ್ತಾರೋ ತಮ್ಮಾ? ಅದು ರಕ್ತನ ಅಲ್ಲ" ಅಂತ ಶುರು ಮಾಡಿದರು. ಹಿಚ್‌ಕಾಕ್‌ನ 'ಸೈಕೋ', 1960ರದು. ಬಚ್ಚಲಲ್ಲಿ ಹೆಂಗಸಿನ ಕೊಲೆಯಾಗುತ್ತದೆ, ರಕ್ತ ಸುಳಿ ಸುತ್ತಿ ಮೋರಿಗೆ ಹೋಗುತ್ತದೆ. ಅದು ಚಾಕೊಲೇಟ್ ಸಿರಪ್. ಕಪ್ಪು-ಬಿಳುಪು ಸಿನಿಮಾ, ಬಣ್ಣ ಯಾರಿಗೆ ಗೊತ್ತಾಗಬೇಕು? ಚಾಕು ಬೀಸುವ ಆ ಮುಕ್ಕಾಲು ನಿಮಿಷಕ್ಕೆ ಏಳು ದಿನ ಶೂಟಿಂಗ್ ಮಾಡಿದ್ದರಂತೆ. ತಮಾಷೆ ಅಂದರೆ, ಸಾಯುವ ಪಾತ್ರ ಮಾಡಿದ ಜಾನೆಟ್ ಲೀಗೆ ಅದು ಸಿರಪ್ ಅಂತ ಚೆನ್ನಾಗಿ ಗೊತ್ತು. ಆದರೂ ತನ್ನ ಸಾವನ್ನು ಪರದೆ ಮೇಲೆ ನೋಡಿದ ಮೇಲೆ ಆಕೆ ಶವರ್ ಸಹವಾಸವನ್ನೇ ಬಿಟ್ಟರಂತೆ.

"ನಮ್ಮ ಓಣಿಗೆ ನೀರು ಬರೋದ ಐದಾರು ದಿನಕ್ಕೊಮ್ಮೆ, ಚಾಚಾ" ಅಂದ ಮಾಲತೇಶ. "ಶವರಿನ ಹೆದರಿಕಿ ನಮಗಿಲ್ಲ. ನೀರು ಬಿಟ್ಟ ಹೊತ್ತಿನ್ಯಾಗ ಯಾರರ ಚಾಕು ಹಿಡಕೊಂಡು ಬಂದ್ರ, ಮೊದಲ ಎರಡು ಕೊಡ ತುಂಬಿಸಿ ಕೊಡಪಾ, ಆಮ್ಯಾಲ ನೋಡೂಣು ಅಂತೀವಿ."

ಮಾಲತೇಶನದು ಬ್ಯಾಡಗಿ. ಅಪ್ಪನ ಕಾಲದಿಂದ ಮೆಣಸಿನಕಾಯಿ ದಲಾಲಿ. ಅವನ ತಲೆಯಲ್ಲಿ ಪ್ರಪಂಚ ಎರಡೇ ಭಾಗ: ಬಣ್ಣ ಇರುವುದು, ಖಾರ ಇರುವುದು. "ರಕ್ತದ ಸಿನಿಮಾ ಅಂದ್ರ ನಮ್ಮ ಬ್ಯಾಡಗಿ ಕಾಯಿ ಇದ್ದಂಗ. ನೋಡಾಕ ಕೆಂಪು ಕೆಂಪು, ಖಾರ ಅಷ್ಟಕ್ಕಷ್ಟ. ಅದರ ಬಣ್ಣಾ ತಗದು ಲಿಪ್‌ಸ್ಟಿಕ್ಕಿಗೂ ಹಾಕ್ತಾರ. ತುಟಿಗೆ ಹಚ್ಚಿಕೊಂಡ್ರೂ ಉರಿಯೂದಿಲ್ಲ ಅಂದ ಮ್ಯಾಲ ಅದಕ್ಯಾಕ ಹೆದರಬೇಕು? ಹೆದರಬೇಕಾದ್ದು ಸಣ್ಣ ಹಸಿ ಕಾಯಿಗೆ. ನೋಡಿದ್ರ ಏನೂ ಅನಸೂದಿಲ್ಲ. ತಿಂದು ಅರ್ಧ ತಾಸು ಆದ್ರೂ ಬಿಡೂದಿಲ್ಲ." ಬಸ್ಯಾ ಮೊದಲ ಸಲ ತಲೆ ಎತ್ತಿದ. "ಅದು ಖರೇ" ಅಂದ. ಮತ್ತೆ ಕೆರೆ ಕಡೆ ತಿರುಗಿದ.

ಮನೆಗೆ ಗಿರಮಿಟ್ ಕಟ್ಟಿಸಿಕೊಳ್ಳಲು ಬಂದಿದ್ದ ಶಾಂತಕ್ಕ ಮಾತಿಗೆ ನಿಂತರು. ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವರು. ಕಾಕಾ ಇನ್ನೂ ಚುರಮುರಿಗೆ ಪುಟಾಣಿ ಹಿಟ್ಟು ಹಾಕುತ್ತಿದ್ದ, ಹಾಗಾಗಿ ಅವರಿಗೂ ಪುರುಸೊತ್ತು. ಅಮೆರಿಕದಲ್ಲಿ ಪಾಲ್ ರೋಜಿನ್ ಅನ್ನುವ ಮನಃಶಾಸ್ತ್ರಜ್ಞ ಇದನ್ನೇ ತಲೆಗೆ ಹಚ್ಚಿಕೊಂಡಿದ್ದರಂತೆ. ಮಂದಿ ಖಾರ ಯಾಕೆ ತಿನ್ನುತ್ತಾರೆ, ಅಳಿಸುವ ಸಿನಿಮಾ ಯಾಕೆ ನೋಡುತ್ತಾರೆ? ನಾಲಿಗೆ ಬೆಂಕಿ ಬಿತ್ತು ಅಂತ ಕೂಗುತ್ತದೆ. ಎಲ್ಲೂ ಬೆಂಕಿ ಇಲ್ಲ ಅಂತ ಮನಸ್ಸಿಗೆ ಗೊತ್ತು. ಮೈ ಮೋಸ ಹೋಯಿತು, ನಾನು ಹೋಗಲಿಲ್ಲ ಅನ್ನುವುದೇ ಒಂದು ಖುಷಿ.

ಈ ಸಿದ್ಧಾಂತಕ್ಕೆ ಸಾಕ್ಷಿ ನಮ್ಮ ಎದುರಿಗೇ ಇತ್ತು. ಮಾಲತೇಶನ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಕಾಕಾ, ಇನ್ನೊಂದು ಹಾಕು" ಅನ್ನುತ್ತಿದ್ದ.

"ಹಂಗಾದ್ರ ನಂದು ಗಾಡಿ ಅಲ್ಲ ಬಿಡ್ರಿ, ಟಾಕೀಜು" ಅಂದ ಕಾಕಾ.

"ಆದ್ರ ಬೆಂಕಿ ಖರೇನ ಐತಿ ಅಂತ ಮನಸ್ಸಿಗೂ ಅನಿಸಿತು ಅಂದ್ರ, ಆಗ ಖುಷಿ ಇಲ್ಲ" ಅಂದರು ಶಾಂತಕ್ಕ. ಅವರಿಗೂ ಒಂದು ಅನುಭವ ಆಗಿದೆ. ಬೇಸಿಗೆ ರಜೆಯಲ್ಲಿ ತಮ್ಮನ ಮಕ್ಕಳು ಬಂದಿದ್ದರು. ಜಪಾನಿನ ಕಾರ್ಟೂನ್, ಪೋಸ್ಟರಿನಲ್ಲಿ ಮಿಂಚುಹುಳ, ನಗುವ ಪುಟ್ಟ ಹುಡುಗಿ. ಒಳ್ಳೇದಾಯಿತು ಅಂತ ಮಕ್ಕಳನ್ನು ಕೂಡಿಸಿ ಹಾಕಿದರು. 1988ರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್'. ಹೆಸರಲ್ಲೇ ಸಮಾಧಿ ಇದೆ, ಅಕ್ಕ ಮಿಂಚುಹುಳ ಅಷ್ಟೇ ಓದಿಕೊಂಡಿದ್ದರು. ಸಿನಿಮಾ ಶುರುವಾಗುವುದೇ ರೈಲು ಸ್ಟೇಷನ್ನಿನಲ್ಲಿ ಒಬ್ಬ ಹುಡುಗ ಹಸಿವಿನಿಂದ ಸಾಯುವುದರಿಂದ. 1945, ಯುದ್ಧ ಆಗಷ್ಟೇ ಮುಗಿದಿದೆ. ಅವನ ಹತ್ತಿರ ಒಂದು ಪೆಪ್ಪರಮಿಂಟಿನ ತಗಡಿನ ಡಬ್ಬಿ. ಅದರಲ್ಲಿ ಏನಿದೆ ಅಂತ ನಾನು ಹೇಳುವುದಿಲ್ಲ, ನೋಡುವವರು ನೋಡಲಿ.

ಇನ್ನೂ ಒಂದು ಸಂಗತಿ ಅಕ್ಕ ಹೇಳಿದ್ದು ಕೇಳಿ ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಜಪಾನಿನಲ್ಲಿ ಇದು ಬಿಡುಗಡೆಯಾದಾಗ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ. ಜೊತೆಗಿದ್ದದ್ದು 'ಮೈ ನೇಬರ್ ಟೊಟೊರೊ', ದೊಡ್ಡ ಹೊಟ್ಟೆಯ ಮುದ್ದು ಪ್ರಾಣಿಯ ಕಥೆ. ಮದುವೆ ಊಟ, ತಿಥಿ ಊಟ ಒಂದೇ ಪಂಕ್ತಿಯಲ್ಲಿ ಬಡಿಸಿದ ಹಾಗೆ.

"ಹುಡುಗ್ರು ಅತ್ತರೇನ್ರೀ ಅಕ್ಕಾರ?" ಅಂದ ಕಾಕಾ.

"ಇಲ್ಲ. ಅತ್ತಿದ್ರ ಚಲೋ ಇತ್ತು. ಸಣ್ಣಾಕಿ ಎದ್ದು ಹೋಗಿ, ಖಾಲಿ ಆಗಿದ್ದ ಪೇಢೆ ಡಬ್ಬಿ ಕಸದ ಬುಟ್ಟಿಯಿಂದ ತಗದು ತೊಳದಳು. ಒರಸಿದಳು. ತನ್ನ ಬ್ಯಾಗಿನ್ಯಾಗ ಇಟಗೊಂಡ್ಲು. ಯಾಕವ್ವಾ ಅಂದ್ರ ಮಾತಿಲ್ಲ."

ಕಾಕಾ ಸ್ವಲ್ಪ ಹೊತ್ತು ಝಾರಿ ಆಡಿಸುವುದನ್ನು ಬಿಟ್ಟ. ಎಣ್ಣೆಯಲ್ಲಿದ್ದ ಮಿರ್ಚಿ ಕಂದು ಬಣ್ಣಕ್ಕೆ ತಿರುಗಿತು.

ನನ್ನದೂ ಒಂದಿದೆ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಸಿನಿಮಾ ಹಾಕುತ್ತಿದ್ದ ಕಾಲ. ಆ ದಿನ ಕನ್ನಡದ್ದು ಅಂತ ಓಣಿಯೆಲ್ಲ ನಮ್ಮ ಮನೆಯಲ್ಲೇ. ರೊಟ್ಟಿ, ಎಣಗಾಯಿ ಉಂಡು ಕಣ್ಣು ಎಳೆಯುತ್ತಿರುವಾಗ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಶುರುವಾಯಿತು. 1977ರ ಸಿನಿಮಾ, ಸ್ವರ್ಣಕಮಲ ಬಂದದ್ದು. ವೇದಪಾಠಶಾಲೆಯ ಸಣ್ಣ ಹುಡುಗ ನಾಣಿ. ಗುರುಗಳ ಮಗಳು ಯಮುನಕ್ಕ, ಎಳೆ ವಯಸ್ಸಿನ ವಿಧವೆ, ಬಸುರಾಗಿದ್ದಾಳೆ. ಹುಡುಗನಿಗೆ ಅವಳೇ ಆಸರೆ, ಅವಳಿಗೆ ಹುಡುಗನೇ ಆಸರೆ. ಊರಿಗೆ ಸಂಗತಿ ಗೊತ್ತಾಯಿತು. ಇನ್ನೇನು ಆಗುತ್ತದೋ ಅನ್ನುವಾಗ ಕರೆಂಟ್ ಹೋಯಿತು!

ಆ ಸಂಜೆ ಕರೆಂಟ್ ಬಂದಾಗ ಟಿವಿಯಲ್ಲಿ ಕೃಷಿ ಕಾರ್ಯಕ್ರಮ. ನಮ್ಮ ಅಜ್ಜಿ ಮಾತ್ರ ಆರಾಮಾಗಿದ್ದಳು. "ಅಪ್ಪ ಬಂದು ಕರಕೊಂಡು ಹೋಗಿರ್ತಾನ ಬಿಡು, ಹೆತ್ತ ಕರುಳು" ಅಂದಳು. ಅಜ್ಜಿ ಹೇಳಿದ ಅಂತ್ಯವನ್ನೇ ನಂಬಿಕೊಂಡು ಹತ್ತು ವರ್ಷ ಕಳೆದೆ. ಧಾರವಾಡದಲ್ಲಿ ಕಾಲೇಜು ಓದುವಾಗ ಒಂದು ಸಲ ಪೂರ್ತಿ ನೋಡಿದೆ. ಅಪ್ಪ ಕರೆದುಕೊಂಡು ಹೋಗುವುದಿಲ್ಲ. ಮಗಳು ಬದುಕಿರುವಾಗಲೇ ಅವಳ ಶ್ರಾದ್ಧ ಮಾಡುತ್ತಾನೆ. ಕೊನೆಗೆ ನಾಣಿ ಊರು ಬಿಟ್ಟು ಹೋಗುತ್ತಾ ನೋಡಿದರೆ, ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನನಗೆ ಕಾಡಿದ್ದು ಸಿನಿಮಾ ಅಷ್ಟೇ ಅಲ್ಲ. ಅಜ್ಜಿಗೆ ನಿಜ ಗೊತ್ತಿತ್ತಾ ಅನ್ನುವುದು. ಆ ಕಾಲದವಳು, ಗೊತ್ತಿರಲೇಬೇಕಲ್ವಾ? ಕೇಳೋಣ ಅಂದರೆ ಅಜ್ಜಿ ಇರಲಿಲ್ಲ.

"ದೆವ್ವದ ಆಟ ಬಿಟ್ಟಾಗ ಮಂದಿ ಗದ್ದಲ ಹಾಕ್ಕೋತ ಹೊರಗ ಬರ್ತಾರ" ಅಂದರು ಚಾಚಾ. ನೀ ಹೆದರಿದಿ, ನಾ ಹೆದರಲಿಲ್ಲ ಅಂತ ಜಗಳ. 'ಶರಪಂಜರ' ಮರುಬಿಡುಗಡೆ ಆದಾಗ ಹಾಗಿರಲಿಲ್ಲವಂತೆ. 1971ರ ಪುಟ್ಟಣ್ಣ ಕಣಗಾಲರ ಸಿನಿಮಾ, ಹುಚ್ಚು ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರೇ ನೋಡಿ ನೋಡಿ ಮತ್ತೆ ಹುಚ್ಚಿಗೆ ತಳ್ಳುವ ಕಥೆ. "ಆಟ ಬಿಟ್ಟ ಮ್ಯಾಲ ಸೈಕಲ್ ಸ್ಟ್ಯಾಂಡಿನ್ಯಾಗ ಸ್ಟ್ಯಾಂಡ್ ಎತ್ತೋ ಸಪ್ಪಳ ಒಂದ. ಸ್ಟ್ಯಾಂಡಿನ ಹುಡುಗ ಬಂದು, ಚಾಚಾ ಇದನ್ನ ಲಗೂನ ತಗೀರಿ, ಮಂದಿ ಟೋಕನ್ ಕೊಡೋದ ಮರೀತಾರ ಅಂತಿದ್ದ."

ಅದಕ್ಕೆ ಕಾರಣ ಉದ್ರಿ ಅಂದರು ಶಾಂತಕ್ಕ. ಬ್ಲೂಮಾ ಝೈಗಾರ್ನಿಕ್ ಅಂತ ಒಬ್ಬಾಕೆ, ಬರ್ಲಿನ್ನಿನಲ್ಲಿ ಓದುತ್ತಿದ್ದವಳು. ಅವಳ ಗುರು ಹೋಟೆಲಿನಲ್ಲಿ ಒಂದು ಸಂಗತಿ ಗಮನಿಸಿದ್ದರು. ಬಿಲ್ಲು ಬಾಕಿ ಇರುವ ಟೇಬಲ್ಲಿನ ಲೆಕ್ಕ ಮಾಣಿಗೆ ಬಾಯಿಪಾಠ. ರೊಕ್ಕ ಕೊಟ್ಟ ಮೇಲೆ ಕೇಳಿದರೆ ನೆನಪೇ ಇಲ್ಲ. ಅರ್ಧಕ್ಕೆ ನಿಂತದ್ದು ತಲೆಯಲ್ಲಿ ಉಳಿಯುತ್ತದೆ ಅಂತ ಆಕೆ 1927ರಲ್ಲಿ ಬರೆದಳು. ಆಮೇಲೆ ಪರೀಕ್ಷೆ ಮಾಡಿದ ಎಲ್ಲರಿಗೂ ಅದೇ ಉತ್ತರ ಸಿಕ್ಕಿಲ್ಲ, ಅದು ಬೇರೆ ಮಾತು. "ದೆವ್ವದ ಸಿನಿಮಾ ಕಡೀಕ ಲೆಕ್ಕಾ ಮುಗಸತೈತಿ. ದೆವ್ವ ಸುಟ್ಟು ಹೋತು, ಏಳ್ರಿ ಮನೀಗೆ. ಯಮುನಕ್ಕನ ಲೆಕ್ಕಾ ಯಾರ ಮುಗಸ್ಯಾರ? ಉದ್ರಿ ನಮ್ಮ ಹೆಸರಿಗೇ ಬೀಳತೈತಿ."

"ಆ ಬಾಯಾರನ್ನ ಹುಬ್ಬಳ್ಳಿಗೆ ಕರಕೊಂಡು ಬರಬೇಕಿತ್ರೀ" ಅಂದ ಕಾಕಾ. "ನನಗ ಕೊಟ್ಟವ್ರೂ ನೆನಪಿರ್ತಾರ. ಕೊಡಲಾರದವ್ರಂತೂ ಕನಸಿನ್ಯಾಗ ಬರ್ತಾರ." ಅನ್ನುತ್ತಾ ಮಾಲತೇಶನ ಕಡೆ ನೋಡಿದ. ಮಾಲತೇಶ ಕೆರೆ ನೋಡಿದ. ಅವತ್ತು ಆ ಕೆರೆಯನ್ನು ಬಹಳ ಜನ ನೋಡಿದರು.

ಈಗ ಬಸ್ಯಾನಿಗೆ ತಡೆಯಲಿಲ್ಲ.

"ನಾ ಅಡಗಿ ಸಿನಿಮಾ ಅಂತ ತಿಳಕೊಂಡಿದ್ದೆ" ಅಂದ.

'ದಿ ಗ್ರೇಟ್ ಇಂಡಿಯನ್ ಕಿಚನ್'. ಮಲಯಾಳಂ, 2021. ಆರಿಸಿದ್ದು ಅವನ ಹೆಂಡತಿ. ಇವನು ದೋಸೆ, ಪುಟ್ಟು ನೋಡಬಹುದು ಅಂತ ಕಾಲು ಚಾಚಿ ಕೂತ. ದೋಸೆ ಬಂತು. ಆಮೇಲೆ ದೋಸೆ ತಿಂದ ತಟ್ಟೆ ಬಂತು. ತಟ್ಟೆ ತೊಳೆಯುವುದು ಬಂತು. ಜಗಿದು ಟೇಬಲ್ ಮೇಲೆ ಬಿಟ್ಟ ನುಗ್ಗೆಕಾಯಿ ಚೂರು ಬಂತು. ಒರೆಸುವುದು, ಹೆಚ್ಚುವುದು, ಮತ್ತೆ ತೊಳೆಯುವುದು. ಮಾವನ ಹಲ್ಲುಜ್ಜುವ ಬ್ರಷ್ಷನ್ನೂ ಕೈಗೆ ತಂದು ಕೊಡಬೇಕು. ಯಾರೂ ಯಾರಿಗೂ ಹೊಡೆಯುವುದಿಲ್ಲ, ರಕ್ತ ಒಂದು ಹನಿ ಇಲ್ಲ.

"ಅದರಾಗ ಹೆದರೋದು ಏನೈತಿ?" ಅಂದ ಮಾಲತೇಶ.

"ಸಿಂಕಿನ ಪೈಪ್ ಸೋರತೈತಿ. ಆಕಿ ಪ್ಲಂಬರ್‌ನ ಕರೀರಿ ಅಂತಾಳ. ಅವ ಮರೀತಾನ. ಮತ್ತ ಹೇಳ್ತಾಳ. ಮತ್ತ ಮರೀತಾನ."

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಯಾಕೆಂದರೆ ಈ ಕಥೆ ನಮಗೆ ಗೊತ್ತಿತ್ತು, ಸಿನಿಮಾ ನೋಡದೆಯೇ.

"ನಿಮ್ಮ ಮನಿ ಸಿಂಕು ಯಾವಾಗಿಂದ ಸೋರಾಕ ಹತ್ತೇತಿ?" ಅಂದೆ.

"ಯುಗಾದಿಯಿಂದ."

ಈಗ ಶ್ರಾವಣ. ಅವನ ಮನೆಯ ಸಿಂಕಿನ ಕೆಳಗೆ ಒಂದು ನೀಲಿ ಬಕೆಟ್ ಇಟ್ಟಿದ್ದಾರೆ. ಟಪ್ಪ್, ಟಪ್ಪ್. ಸಿನಿಮಾ ನಡೆಯುವಾಗ ಟಪ್ಪ್ ಅನ್ನುವುದು ಟಿವಿಯಿಂದ ಬರುತ್ತಿದೆಯೋ ಅಡುಗೆಮನೆಯಿಂದಲೋ ತಿಳಿಯಲಿಲ್ಲವಂತೆ. ಕೊನೆಗೆ ಆ ಹುಡುಗಿ ಅದೇ ಕೊಳಕು ನೀರನ್ನು ಗಂಡನ ಮೇಲೆ, ಮಾವನ ಮೇಲೆ ಎರಚಿ ಮನೆ ಬಿಟ್ಟು ನಡೆಯುತ್ತಾಳೆ.

"ನಿನ್ನ ಹೇಣ್ತಿ ಏನಂದ್ಲು?" ಶಾಂತಕ್ಕನ ದನಿಯಲ್ಲಿ ಕನಿಕರ ಇರಲಿಲ್ಲ, ಕುತೂಹಲ ಇತ್ತು.

"ಏನೂ ಅನ್ನಲಿಲ್ಲ. ಟಿವಿ ಬಂದ್ ಮಾಡಿದ್ಲು. ಸಿನಿಮಾ ಚಲೋ ಐತಲ್ರೀ ಅಂದ್ಲು. ಮಕ್ಕೊಂಡ್ಲು."

"ಇಷ್ಟನಾ? ಬೈಲಿಲ್ಲಾ?" ಚಾಚಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಇದು ಭಾಳ ಕೆಟ್ಟ, ತಮ್ಮಾ."

ಬೆಳಿಗ್ಗೆ ಎದ್ದು ಬಸ್ಯಾ ತಾನು ತಿಂದ ತಟ್ಟೆಯನ್ನು ತಾನೇ ಎತ್ತಿಕೊಂಡು ಸಿಂಕಿಗೆ ಹೋದನಂತೆ. ಹೆಂಡತಿ ಬಂದು ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯಾ ಅಂತ. ಆಮೇಲೆ ಇವನು ಪ್ಲಂಬರಿಗೆ ಮೂರು ಸಲ ಫೋನ್ ಮಾಡಿದ. ಅವನು ತಂಗಿ ಮದುವೆಗೆ ಗದಗಕ್ಕೆ ಹೋಗಿದ್ದಾನೆ, ಬುಧವಾರ ಬರುತ್ತಾನೆ.

"ಇಂಥಾ ಸಿನಿಮಾಕ್ಕ ಸರ್ಟಿಫಿಕೇಟ್ ಬ್ಯಾರೆ ಬೇಕಲೇ" ಅಂದ ಮಾಲತೇಶ. 2023ರಲ್ಲಿ ಕಾಯ್ದೆ ತಿದ್ದಿ ಯುಎ ಅನ್ನುವುದನ್ನು 7, 13, 16 ವಯಸ್ಸು ಅಂತ ಮೂರು ಮಾಡಿದ್ದಾರಲ್ಲ, ಅದರ ಕೆಳಗೆ ಇನ್ನೊಂದು ಸೇರಿಸಬೇಕು ಅನ್ನುವುದು ಅವನ ವಾದ: ಮನೆಯ ರಿಪೇರಿ ಬಾಕಿ ಇಟ್ಟುಕೊಂಡ ಗಂಡಸರು ಹೆಂಡತಿಯ ಜೊತೆ ನೋಡಕೂಡದು. ಶಾಂತಕ್ಕ ಗಿರಮಿಟ್ ಪೊಟ್ಟಣ ತೆಗೆದುಕೊಂಡರು. ರೊಕ್ಕ ಎಣಿಸಿ ಕೊಟ್ಟರು. "ಅವ್ರಿಗೇ ತೋರಿಸಬೇಕು" ಅಂದರು. ಹೋಗಲಿಲ್ಲ, ಅಲ್ಲೇ ನಿಂತರು.

ಅಷ್ಟರಲ್ಲಿ ಬಸ್ಯಾನ ಫೋನ್ ಬಾರಿಸಿತು. ಕೈಯಲ್ಲಿ ಬೆವರೋ ಏನೋ, ಸ್ಪೀಕರ್ ಒತ್ತಿಬಿಟ್ಟ.

"ರೀ, ಬರೋವಾಗ ಒಂದು ಬಕೆಟ್ ತಗೊಂಡು ಬರ್ರಿ. ಇದು ಸೀಳೇತಿ."

ಫೋನ್ ಕಟ್. ರಸ್ತೆಯಲ್ಲಿ ಧಾರವಾಡದ ಕಡೆ ಒಂದು ಚಿಗರಿ ಬಸ್ ಹೋಯಿತು. ಅದರ ಸದ್ದು ಪೂರ್ತಿ ಹೋಗುವವರೆಗೆ ಯಾರೂ ಮಾತಾಡಲಿಲ್ಲ.

"ಎಷ್ಟು ಲೀಟರಿಂದು ಅಂತ ಕೇಳಲೇ" ಅಂದ ಮಾಲತೇಶ, ಎರಡನೇ ಮಿರ್ಚಿ ಎತ್ತಿಕೊಳ್ಳುತ್ತಾ.

ಬಸ್ಯಾ ತಿರುಗಿ ಫೋನ್ ಮಾಡಿದ. ಈ ಸಲ ಕಿವಿಗೆ ಹಿಡಿದು ಕೇಳಿದ. ಹ್ಞೂಂ ಅಂದ. ಫೋನನ್ನು ನಿಧಾನಕ್ಕೆ ಜೇಬಿಗೆ ಇಳಿಬಿಟ್ಟ.

"ದೊಡ್ಡದ ಇರ್ಲಿ ಅಂದ್ಲು."