ಎಷ್ಟು ಗುಡಿಸಿದರೂ ಮನೆಯೊಳಗೆ ಕೆಂಪು ಧೂಳು, ಏನು ಮಾಡುವುದು?

ಬದಿಯಡ್ಕದ ಸೊಸೆ:
ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಳೇ ಹಂಚಿನ ಮನೆ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ. ಚಾವಡಿಗೆ ಸಾರಣೆ (ಪ್ಲಾಸ್ಟರ್) ಆಗಿದೆ, ಒಳಗಿನ ಕೋಣೆಗಳಿಗೆ ಆಗಿಲ್ಲ. ಎದುರಿನ ಮಣ್ಣಿನ ರಸ್ತೆಯಲ್ಲಿ ಕಲ್ಲಿನ ಲಾರಿಗಳು ಓಡುತ್ತವೆ, ದೀಪಾವಳಿ ಕಳೆದರೆ ಮುಂದಿನ ಮಳೆಯವರೆಗೂ ಧೂಳೇ ಧೂಳು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಗುಡಿಸುತ್ತೇನೆ, ಆದರೂ ಟಿವಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮಗನಿಗೆ ಏಳುವಾಗಲೇ ಸೀನು ಶುರು, ಶಾಲೆಗೆ ಹೊರಡುವಷ್ಟರಲ್ಲಿ ಕಮ್ಮಿಯಾಗುತ್ತದೆ. ಕಿಟಕಿ ಮುಚ್ಚಿಡು ಅಂತ ಅತ್ತೆ ಹೇಳುತ್ತಾರೆ, ಮುಚ್ಚಿದರೆ ಸೆಕೆ ತಡೆಯಲಿಕ್ಕಾಗುವುದಿಲ್ಲ. ಏರ್ ಪ್ಯೂರಿಫೈಯರ್ ತರೋಣ ಅಂತ ನಮ್ಮವರು. ಅಷ್ಟು ದುಡ್ಡು ಹಾಕಿದರೆ ಪ್ರಯೋಜನ ಇದೆಯಾ?

ಕುಂಬಳೆ ಭಾವ:
ಈಗಲೇ ತರಬೇಡಿ ಅಕ್ಕ. ಆ ಮಷೀನು ಕೆಟ್ಟದ್ದು ಅಂತಲ್ಲ, ಅದರೊಳಗೆ ಗಾಳಿ ಸೋಸುವ ಒಳ್ಳೆಯ ಹೆಪಾ ಫಿಲ್ಟರ್ 0.3 ಮೈಕ್ರಾನಿನ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣವನ್ನೂ ನೂರಕ್ಕೆ 99.97ರಷ್ಟು ಹಿಡಿಯುತ್ತದೆ. ಆದರೆ ಅದಕ್ಕೆ ಮುಚ್ಚಿದ ಕೋಣೆ ಬೇಕು. ಹಂಚಿನ ಸಂದಿಯಲ್ಲಿ ಆಕಾಶ ಕಾಣುವ ನಮ್ಮ ಮನೆಗಳಲ್ಲಿ ಮುಚ್ಚಿದ ಕೋಣೆ ಎಲ್ಲಿದೆ ಹೇಳಿ? ಮತ್ತೆ ರಸ್ತೆಯ ಮಣ್ಣಿನ ಧೂಳಲ್ಲಿ ಜಾಸ್ತಿ ಭಾಗ ದಪ್ಪ ಕಣ, ಮಷೀನಿನ ಹತ್ತಿರ ಹೋಗುವ ಮೊದಲೇ ನೆಲಕ್ಕೆ, ಟಿವಿಗೆ ಕೂತುಬಿಡುತ್ತದೆ.

ಒಣ ಕಸಬರಿಕೆಯಲ್ಲಿ ಗುಡಿಸಿದರೆ ಸಣ್ಣ ಧೂಳು ಮೇಲೆದ್ದು ಗಂಟೆಗಟ್ಟಲೆ ತಿರುಗಿ ಮತ್ತೆ ಅಲ್ಲೇ ಕೂರುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಮೇಲಿನದ್ದು ಒರೆಸಿ: ಫ್ಯಾನು, ಕಪಾಟಿನ ತಲೆ, ಕಿಟಕಿಯ ದಂಡೆ. ಆಮೇಲೆ ನೆಲ. ಫ್ಯಾನಿನ ರೆಕ್ಕೆಗೆ ಹಳೇ ತಲೆದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಅದರೊಳಗೇ ಬೀಳುತ್ತದೆ. ಕಾಲುಒರಸು ಜಗಲಿಯಲ್ಲಿ ಒಂದು, ಬಾಗಿಲ ಒಳಗೆ ಒಂದು ಇರಲಿ. ರಸ್ತೆ ಬದಿಯ ಕಿಟಕಿಗೆ ಸಣ್ಣ ಕಣ್ಣಿನ ನೆಟ್ ಹಾಕಿ ವಾರಕ್ಕೊಮ್ಮೆ ತೊಳೆಯಿರಿ. ಲಾರಿ ಓಡುವ ಹೊತ್ತಿಗೆ ಆ ಬದಿ ಮಾತ್ರ ಮುಚ್ಚಿ, ತೋಟದ ಬದಿ ತೆರೆದಿಡಿ, ಸೆಕೆಯೂ ಆಗುವುದಿಲ್ಲ. ಪಂಚಾಯತಿಗೂ ಒಂದು ಅರ್ಜಿ ಕೊಡಿ, ಲೋಡಿಗೆ ಟರ್ಪಾಲು ಹಾಕಿಸಲಿ. ಅಂಗಳಕ್ಕೆ ನೀರು ಚಿಮುಕಿಸಿ ಅನ್ನಬಹುದಿತ್ತು, ಆದರೆ ಏಪ್ರಿಲಿನಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯಲಿಕ್ಕೇ ಸಾಲದು, ಅಲ್ವಾ.

ಮುರಕಲ್ಲು ಮೇಸ್ತ್ರಿ:
ಎಲ್ಲರೂ ಲಾರಿಗೇ ಬೈಯುತ್ತಾರೆ. ಒಂದು ಕೆಲಸ ಮಾಡಿ. ಸಾರಣೆ ಇಲ್ಲದ ಗೋಡೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಕೈ ಕೆಂಪಾದರೆ ಧೂಳಿನ ಒಂದು ಪಾಲು ಮನೆಯೊಳಗೇ ಹುಟ್ಟುತ್ತಿದೆ ಅಂತ ತಿಳಿಯಿರಿ. ಕಿಟಕಿ ಕೆಳಗೆ ಜಾಸ್ತಿ ಇದ್ದರೆ ರಸ್ತೆಯದ್ದು, ಗೋಡೆಯ ಬುಡದ ಉದ್ದಕ್ಕೂ ಸಾಲಾಗಿ ಬಿದ್ದಿದ್ದರೆ ಗೋಡೆಯದ್ದು. ಹಳೇ ಮನೆಗಳಲ್ಲಿ ಕಲ್ಲಿನ ಸಂದಿಗೆ ಬರೀ ಮಣ್ಣು ಮೆತ್ತಿರುತ್ತಾರೆ, ಅದು ಒಣಗಿ ಉದುರುತ್ತಲೇ ಇರುತ್ತದೆ, ನೀವು ದಿನಕ್ಕೆ ನಾಲ್ಕು ಸಲ ಗುಡಿಸಿದರೂ ಅಷ್ಟೇ.

ಫೆಬ್ರವರಿ, ಮಾರ್ಚಿನಲ್ಲಿ ಗೋಡೆ ಚೆನ್ನಾಗಿ ಒಣಗಿರುವಾಗ ಬ್ರಶ್ಶಿನಲ್ಲಿ ಉಜ್ಜಿ ಸಡಿಲ ಪುಡಿ ತೆಗೆಯಿರಿ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಸಂದಿಗೆ ಸಿಮೆಂಟು ತುಂಬಿಸಿ. ಆಮೇಲೆ ಸಾರಣೆ ಮಾಡಿಸಬಹುದು, ಕಲ್ಲು ಕಾಣಬೇಕು ಅಂತಿದ್ದರೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಲೇಪ) ಹೊಡೆಸಬಹುದು. ಆದರೆ ಗೋಡೆಯಲ್ಲಿ ತೇವ ಇರುವಾಗ ಹೊಡೆದರೆ ಅದು ಸಿಪ್ಪೆ ಏಳುತ್ತದೆ. ಸುಣ್ಣ ಬೇಡ, ಕೆಂಪು ಪುಡಿ ಹೋಗಿ ಬಿಳಿ ಪುಡಿ ಬರುತ್ತದೆ.

ಉಪ್ಪಳದ ಮದ್ದಿನಂಗಡಿ:
ಮಗನ ಸೀನಿನ ಬಗ್ಗೆ ಯಾರೂ ಮಾತಾಡಲಿಲ್ಲ. ರಸ್ತೆಯ ಧೂಳಾದರೆ ಲಾರಿ ಓಡುವ ಹಗಲಲ್ಲಿ ಜಾಸ್ತಿ ಆಗಬೇಕಿತ್ತು. ಏಳುವಾಗಲೇ ಬರುವುದಾದರೆ ನನಗೆ ಹಾಸಿಗೆಯ ಮೇಲೆ ಸಂಶಯ. ಡಸ್ಟ್ ಮೈಟ್ ಅಂತ ಕಣ್ಣಿಗೆ ಕಾಣದ ಹುಳ, ನಮ್ಮ ಮೈಯಿಂದ ಉದುರುವ ಚರ್ಮದ ಚೂರೇ ಅದರ ಊಟ. ಅದರ ಹಿಕ್ಕೆಯಿಂದ ಅಲರ್ಜಿ. ಗಾಳಿಯ ತೇವ 50 ಶೇಕಡಾಕ್ಕಿಂತ ಕೆಳಗಿದ್ದರೆ ಅದು ಬದುಕುವುದು ಕಷ್ಟ, ಆದರೆ ಕಡಲ ಕರೆಯ ನಮ್ಮ ಊರಲ್ಲಿ ಅದನ್ನು ಆಸೆ ಪಡಬೇಡಿ.

ಬೆಡ್‌ಶೀಟು, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಮಷೀನು ಇಲ್ಲದಿದ್ದರೆ ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿ, ಹೆಚ್ಚುಕಡಿಮೆ ಆ ಬಿಸಿ ಬರುತ್ತದೆ. ಕೋಲಲ್ಲಿ ಮಗುಚಿ, ಕೈ ಹಾಕಬೇಡಿ. ಹಳೇ ಹತ್ತಿಯ ದಿಂಬು ಬದಲಿಸಿ. ಸೀನಿನ ಜೊತೆ ಉಬ್ಬಸ ಇದ್ದರೆ ಇಲ್ಲಿ ಕೇಳುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಬದಿಯಡ್ಕದ ಸೊಸೆ:
ಮೇಸ್ತ್ರಿ ಅಣ್ಣಾ, ಕೈ ಕೆಂಪಾಯಿತು! ಗೋಡೆ ಬುಡದಲ್ಲೂ ಸಾಲು ಇದೆ. ಮಗ ಮಲಗುವುದು ಅದೇ ಕೋಣೆಯಲ್ಲಿ. ಉಬ್ಬಸ ಇಲ್ಲ. ಎಲ್ಲಾ ಕೋಣೆಗೆ ಒಟ್ಟಿಗೆ ಮಾಡಿಸಲಿಕ್ಕೆ ಈ ವರ್ಷ ಆಗುವುದಿಲ್ಲ, ಅಡಿಕೆ ಕೊಟ್ಟ ಮೇಲೆ ನೋಡಬೇಕು.

ಮುರಕಲ್ಲು ಮೇಸ್ತ್ರಿ:
ಹಾಗಾದರೆ ಮಗನ ಕೋಣೆ ಒಂದನ್ನೇ ಮಾಡಿಸಿ. ಅಲ್ಲಿಯವರೆಗೆ ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆ ಎಳೆದಿಡಿ, ಬಟ್ಟೆ ನೇತುಹಾಕುವ ಮೊಳೆಗಳನ್ನೂ ಆ ಗೋಡೆಯಿಂದ ಕೀಳಿ.