ಪದಚರ್ಚೆ: ಮೆಕ್ಸಿಕೋದ ‘ಗೊಬೆರ್ನಾದೋರ್’ ರಾಜ್ಯಪಾಲರೇ?

ಪ್ರಶ್ನೆ:
ಬಳಗದವರಿಗೆ ನಮಸ್ಕಾರ. ಮೆಕ್ಸಿಕೋದ ವೆರಾಕ್ರೂಸ್ ರಾಜ್ಯವನ್ನು 2010ರ ಡಿಸೆಂಬರ್‌ನಿಂದ 2016ರ ಅಕ್ಟೋಬರ್‌ವರೆಗೆ ಆಳಿದ ಹಾವಿಯೆರ್ ದುವಾರ್ತೆ ಅವರ ಭ್ರಷ್ಟಾಚಾರ ಪ್ರಕರಣದ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಸ್ಪ್ಯಾನಿಷಿನ ‘ಗೊಬೆರ್ನಾದೋರ್’ ಪದಕ್ಕೆ ‘ರಾಜ್ಯಪಾಲ’, ‘ಮುಖ್ಯಮಂತ್ರಿ’ ಇವೆರಡರಲ್ಲಿ ಯಾವುದು ಹೊಂದುತ್ತದೆ? ಅಲ್ಲಿನವರು ‘ಎಂಪ್ರೆಸಾಸ್ ಫಂತಾಸ್ಮಾ’ (ಪದಶಃ ‘ಭೂತ ಕಂಪನಿಗಳು’) ಎನ್ನುವ ಕಂಪನಿಗಳನ್ನು ‘ಬೇನಾಮಿ ಕಂಪನಿ’ ಎನ್ನಬಹುದೇ? ಪುಟ ನಾಳೆ ಅಚ್ಚಿಗೆ ಹೋಗುವುದರಿಂದ ಇಂದೇ ಉತ್ತರ ದೊರೆತರೆ ಉಪಕಾರವಾಗುತ್ತದೆ.

ಉತ್ತರ 1:
ಎರಡೂ ಬೇಡ. ಆ ಪದದ ಬೇರು ಗ್ರೀಕಿನಲ್ಲಿ ‘ಹಡಗು ನಡೆಸು’ ಎಂಬ ಅರ್ಥದ ಧಾತುವಿನಲ್ಲಿದ್ದು, ಲ್ಯಾಟಿನ್ ಮೂಲಕ ಸ್ಪ್ಯಾನಿಷಿಗೆ ಬಂದಿದೆ. ಆಡಳಿತದ ಚುಕ್ಕಾಣಿ ಹಿಡಿಯುವ ಮಾತು ನಮ್ಮಲ್ಲೂ ಇರುವಾಗ ‘ಚುಕ್ಕಾಣಿಗ’ ಎಂಬ ಅಚ್ಚಗನ್ನಡ ಪದವೇ ಸಾಕು. ಸಂಸ್ಕೃತದ ಸಾಲವಾಗಲಿ ಇಂಗ್ಲಿಷಿನ ಸಾಲವಾಗಲಿ ಕನ್ನಡಕ್ಕೆ ಬೇಕಿಲ್ಲ.

ಉತ್ತರ 2:
‘ಚುಕ್ಕಾಣಿಗ’ ಒಪ್ಪತಕ್ಕದ್ದಲ್ಲ. ಚುಕ್ಕಾಣಿಯೇ ಅರಬ್ಬಿಯ ‘ಸುಕ್ಕಾನ್’ನಿಂದ ಬಂದ ಪದವಾದ್ದರಿಂದ ಅಚ್ಚಗನ್ನಡದ ವಾದ ಅಲ್ಲಿಗೇ ಬೀಳುತ್ತದೆ. ಎರವಲು ಪದಗಳನ್ನು ಒಂದೊಂದಾಗಿ ಹೊರಗಟ್ಟಲು ಹೊರಟವರು ತಮ್ಮ ಕೈಯಲ್ಲಿರುವ ಪದ ಎಲ್ಲಿಂದ ಬಂತೆಂದು ಮೊದಲು ನೋಡಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಹುದ್ದೆಯ ಹೆಸರನ್ನು ಅದರ ಅಧಿಕಾರ ನೋಡಿ ಆರಿಸಬೇಕು.

ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಸಂವಿಧಾನದ 361ನೆಯ ವಿಧಿಯಂತೆ ಅಧಿಕಾರಾವಧಿಯಲ್ಲಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಮುಖ್ಯಮಂತ್ರಿಯ ಮೇಲೆ ಭ್ರಷ್ಟಾಚಾರದ ದೂರು ಬಂದಾಗ ವಿಚಾರಣೆಗೆ ಅನುಮತಿ ಕೊಡುವವರೂ ಅವರೇ. ಹೀಗಿರುವಾಗ ‘ರಾಜ್ಯಪಾಲರು ಬೊಕ್ಕಸ ದೋಚಿದರು’ ಎಂದು ಬರೆದರೆ, ಬೊಕ್ಕಸದ ಕೀಲಿಕೈಯೇ ಇಲ್ಲದವರು ಹೇಗೆ ದೋಚಿದರೆಂದು ಓದುಗರು ತಬ್ಬಿಬ್ಬಾಗುತ್ತಾರೆ. ಮೆಕ್ಸಿಕೋದ ಗವರ್ನರ್ ಜನರಿಂದ ನೇರವಾಗಿ ಆರು ವರ್ಷಗಳಿಗೆ ಆಯ್ಕೆಯಾಗುವ, ಮತ್ತೆಂದೂ ಆ ಹುದ್ದೆಗೆ ಚುನಾಯಿತರಾಗಲಾರದ, ರಾಜ್ಯದ ಹಣವನ್ನೂ ಪೊಲೀಸರನ್ನೂ ಕೈಯಲ್ಲಿಟ್ಟುಕೊಂಡ ಕಾರ್ಯಾಂಗದ ಮುಖ್ಯಸ್ಥರು. ಶಾಸಕರ ಬಹುಮತದ ಮೇಲೆ ಅವರ ಕುರ್ಚಿ ನಿಂತಿಲ್ಲವಾದ್ದರಿಂದ ‘ಮುಖ್ಯಮಂತ್ರಿ’ಯೂ ಸಲ್ಲದು. ‘ಗವರ್ನರ್’ ಎಂದೇ ಬರೆಯಿರಿ, ಮೊದಲ ಸಲ ‘ಚುನಾಯಿತ ಗವರ್ನರ್’ ಎನ್ನಿ. ಅಮೆರಿಕದ ರಾಜ್ಯಗಳ ಸುದ್ದಿಯಲ್ಲಿ ನಮ್ಮ ಪತ್ರಿಕೆಗಳು ಬಳಸುವುದು ಅದನ್ನೇ. ರಿಸರ್ವ್ ಬ್ಯಾಂಕಿನ ಗವರ್ನರರನ್ನಂತೂ ಯಾರೂ ‘ಪಾಲ’ರೆಂದು ಕರೆದಿಲ್ಲ.

ದುವಾರ್ತೆ ರಾಜೀನಾಮೆ ಕೊಟ್ಟರೆಂದೂ ಬರೆಯಬೇಡಿ. ಅವಧಿ ಮುಗಿಯಲು 48 ದಿನಗಳಿದ್ದಾಗ, ಆರೋಪಗಳನ್ನು ಎದುರಿಸುವುದಾಗಿ ಹೇಳಿ ಅವರು ಪಡೆದದ್ದು ರಜೆ. ಆಮೇಲೆ ತಲೆಮರೆಸಿಕೊಂಡು, 2017ರ ಏಪ್ರಿಲ್‌ನಲ್ಲಿ ಗ್ವಾಟೆಮಾಲಾದಲ್ಲಿ ಸಿಕ್ಕಿಬಿದ್ದರು.

ಇನ್ನು ‘ಬೇನಾಮಿ ಕಂಪನಿ’ ತಪ್ಪು. ಬೇನಾಮಿಯಲ್ಲಿ ಸ್ವತ್ತು ನಿಜವಾಗಿಯೂ ಇದ್ದು ಹೆಸರು ಮಾತ್ರ ಬೇರೆಯವರದಾಗಿರುತ್ತದೆ. ಅನಿಮಲ್ ಪೊಲಿತಿಕೋ ಸುದ್ದಿತಾಣ 2016ರಲ್ಲಿ ಬಯಲಿಗೆಳೆದ ಹಗರಣದಲ್ಲಿ, ಬಡವರ ನೆರವಿಗೆಂದು ತೆಗೆದಿರಿಸಿದ್ದ ಹಣ ಸೇರಿ ಸುಮಾರು 64.5 ಕೋಟಿ ಪೆಸೊಗಳ ಗುತ್ತಿಗೆ ಪಡೆದ 21 ಕಂಪನಿಗಳು ಬರಿಯ ಕಾಗದದ ಮೇಲಿದ್ದಂಥವು. ಅವಕ್ಕೆ ‘ಬೋಗಸ್ ಕಂಪನಿ’ ಎಂಬ ಬಳಕೆಯ ಮಾತೇ ತಕ್ಕುದು. ‘ಬೇನಾಮಿದಾರ’ ಎಂಬುದನ್ನು ‘ಪ್ರೆಸ್ತಾನೊಂಬ್ರೆ’ಗೆ ಉಳಿಸಿಕೊಳ್ಳಿ, ತಮ್ಮ ಹೆಸರನ್ನು ಎರವಲು ಕೊಟ್ಟು ಇನ್ನೊಬ್ಬರ ಆಸ್ತಿ ಮುಚ್ಚಿಡುವವರನ್ನು ಅಲ್ಲಿ ಹಾಗೆನ್ನುತ್ತಾರೆ.

ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಅಕ್ರಮ ಹಣದ ವರ್ಗಾವಣೆ ಮತ್ತು ಅಪರಾಧಕ್ಕಾಗಿ ಗುಂಪು ಕಟ್ಟಿದ್ದು, ಈ ಎರಡನ್ನು ದುವಾರ್ತೆ 2018ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡು ಒಂಬತ್ತು ವರ್ಷಗಳ ಸಜೆಗೆ ಗುರಿಯಾದರು, ಅವರಿಗೆ ಸಂಬಂಧಿಸಿದ 41 ಸ್ವತ್ತುಗಳ ಮುಟ್ಟುಗೋಲಿಗೂ ಆದೇಶವಾಯಿತು. ಈ ಎರಡರ ಮಟ್ಟಿಗೆ ಅವರನ್ನು ‘ಆರೋಪಿ’ ಎನ್ನದೆ ‘ಅಪರಾಧಿ’ ಎಂದೇ ಬರೆಯಬೇಕು. ಸಾಬೀತಾಗದ ಉಳಿದವುಗಳಿಗೆ ‘ಆರೋಪ’ ಎಂಬ ಪದವನ್ನು ಬಿಡುವಂತಿಲ್ಲ.