ಸಹಾಯ ಬೇಕು: ತಪ್ಪಾಗುತ್ತೆ ಅನ್ನೋ ಭಯಕ್ಕೆ ಮಗಳು ಚಿತ್ರ ಬಿಡಿಸೋದನ್ನೇ ಬಿಡ್ತಿದ್ದಾಳೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಮೊದಲೆಲ್ಲ ಸಿಕ್ಕ ಸಿಕ್ಕ ಕಾಗದದ ಮೇಲೆ ಗೀಚುತ್ತಿದ್ದಳು. ಈಗ ಒಂದು ಗೆರೆ ಎಳೆಯುತ್ತಾಳೆ, ತಕ್ಷಣ ರಬ್ಬರ್. ಮತ್ತೆ ಗೆರೆ, ಮತ್ತೆ ರಬ್ಬರ್. ಮೊನ್ನೆ ಕುದುರೆಯ ಹಿಂಗಾಲು ಸರಿಬರಲಿಲ್ಲ ಅಂತ ಕಾಗದ ತೂತು ಬೀಳುವ ತನಕ ಉಜ್ಜಿ, ಮುದ್ದೆ ಮಾಡಿ ಎಸೆದಳು. "ನೀನೇ ಬಿಡಿಸಿಕೊಡು" ಅನ್ನುತ್ತಾಳೆ. ಕರುಳು ಚುರುಕ್ ಅನ್ನುತ್ತದೆ.

ಮನಃಶಾಸ್ತ್ರ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಜಾಣತನವನ್ನು ಹೊಗಳಿದಾಗ ಮಕ್ಕಳು ಹೆಚ್ಚಾಗಿ ತಪ್ಪಾಗದಂಥ ಸುಲಭದ ಕೆಲಸ ಆರಿಸಿಕೊಂಡರು. ಪಟ್ಟ ಶ್ರಮವನ್ನು ಹೊಗಳಿದಾಗ ಹೆಚ್ಚಿನವರು ಕಲಿಯಲು ಸಿಗುವ ಕಷ್ಟದ್ದನ್ನೇ ಆರಿಸಿಕೊಂಡರು. ಮಗಳನ್ನು ನೋಡಿದರೆ ನಿಜ ಅನ್ನಿಸುತ್ತದೆ. ಹಾಗಾಗಿ ಸುಮ್ನೆ "ಸೂಪರ್" ಅನ್ನುವ ಬದಲು "ಈ ಬಣ್ಣ ಯಾಕೆ ಹಾಕಿದೆ?" ಅಂತ ಕೇಳುತ್ತಿದ್ದೇನೆ. ಆಗ ಖುಷಿಯಿಂದ ಮಾತಾಡುತ್ತಾಳೆ, ಆದರೆ ರಬ್ಬರ್ ಕೈಬಿಡುವುದಿಲ್ಲ.

ರಬ್ಬರ್ ಎತ್ತಿಟ್ಟು ಕ್ರೇಯಾನ್ ಅಥವಾ ಪೆನ್ ಕೊಟ್ಟರೆ ಭಯ ಕಡಿಮೆಯಾಗುತ್ತದಾ, ಇನ್ನೂ ಜಾಸ್ತಿಯಾಗುತ್ತದಾ? ಸ್ವಲ್ಪ ದಿನ ಚಿತ್ರ ಬಿಟ್ಟು ಜೇಡಿಮಣ್ಣಿನಲ್ಲಿ ಆಡಲು ಬಿಡುವುದು ಒಳ್ಳೆಯದಾ? ಇಂಥ ಮಕ್ಕಳಿಗೆ ಕಲಿಸಿದವರು, ಬೆಳೆಸಿದವರು ದಯವಿಟ್ಟು ಹೇಳಿ. ಸ್ಪರ್ಧೆಗೆ ಸೇರಿಸಿ ಅನ್ನುವ ಸಲಹೆ ಮಾತ್ರ ಸದ್ಯಕ್ಕೆ ಬೇಡ.